ಮುಗಿಯುವ ಕಥೆ, ಮುಗಿಯದ ಕಥೆ: ಒಂದು ವರ್ಷದ ಕಿರುತೆರೆ ವೀಕ್ಷಣೆ

ಕಾವ್ಯ, ನಾಟಕ, ಕಾದಂಬರಿಗಳನ್ನು ಕುರಿತು ವಿಮರ್ಶೆ ಬರೆಯುವ ಸಂಪ್ರದಾಯವು ಕನ್ನಡದಲ್ಲಿ ಚೆನ್ನಾಗಿ ಬೇರೂರಿದೆ. ಚಲನಚಿತ್ರದ ವಿಮರ್ಶೆಯೂ ತಕ್ಕಮಟ್ಟಿಗೆ ಬೆಳೆದು ಬಂದಿದೆ. ಆದರೆ ನಾಡಿನ ಬಹುಪಾಲು ಮನೆಗಳಲ್ಲಿ ಪ್ರತಿ ಸಂಜೆ ಗಂಟೆಗಟ್ಟಲೆ ನಡೆಯುವ ಕಥಾನಿರೂಪಣೆಯೊಂದಿದೆ. ಅದರ ವಿಷಯದಲ್ಲಿ ವಿದ್ವಾಂಸರು ಪ್ರಾಯಶಃ ಮೌನವನ್ನೇ ತಾಳಿದ್ದಾರೆ. ಟೆಲಿವಿಷನ್ ಧಾರಾವಾಹಿಯ ಮಾತು ಅಧ್ಯಾಪಕರ ಕೊಠಡಿಯಲ್ಲಿ ಬಂದರೆ ಅದು ಒಂದೋ ನಗೆಯಲ್ಲಿ ಮುಗಿಯುತ್ತದೆ, ಇಲ್ಲವೇ ಖಂಡನೆಯಲ್ಲಿ. ನಗುವವರೂ ಖಂಡಿಸುವವರೂ ಮನೆಗೆ ಹೋದ ಮೇಲೆ ಅದನ್ನೇ ನೋಡುತ್ತಾರೆಂಬುದು ಬೇರೆ ಮಾತು.

ಇತಿಹಾಸವನ್ನು ಬೋಧಿಸುವವನಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಕಾರಣಗಳು ಎರಡು. ಟಿಪ್ಪು ಸುಲ್ತಾನನನ್ನಾಗಲಿ ಅಂಬೇಡ್ಕರರನ್ನಾಗಲಿ ತರಗತಿಯಲ್ಲಿ ಪಾಠಮಾಡಲು ಹೊರಟಾಗ ವಿದ್ಯಾರ್ಥಿಯ ಮನಸ್ಸಿನಲ್ಲಿ ಮೊದಲೇ ನೆಲೆಗೊಂಡಿರುವ ಚಿತ್ರವು ಪಠ್ಯಪುಸ್ತಕದಿಂದ ಬಂದುದಲ್ಲ, ತೆರೆಯಿಂದ ಬಂದುದು. ಇದು ಮೊದಲನೆಯ ಕಾರಣ. ಎರಡನೆಯದು ಇದಕ್ಕಿಂತ ಮೂಲಭೂತವಾದುದು. ಧಾರಾವಾಹಿಯೆಂಬುದು ಕಾಲವನ್ನು ಕತ್ತರಿಸಿ ಹಂಚುವ ಕಲೆ. ಕಾಲವಾದರೋ ಇತಿಹಾಸಕಾರನ ಸ್ವಂತ ವಿಷಯ. ಕಳೆದ ಒಂದು ವರ್ಷದಲ್ಲಿ ಮಲ್ಲತ್ತಹಳ್ಳಿಯ ನನ್ನ ಮನೆಯಲ್ಲಿ ಕುಳಿತು ಸಂಜೆಯ ವೇಳೆ ಹೊಸದನ್ನೂ ಹಳೆಯದನ್ನೂ ನೋಡುತ್ತ ಬಂದ ನನಗೆ ಮೆಚ್ಚುಗೆಯಾದ ಕೆಲವು ಕಾರ್ಯಕ್ರಮಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಿದ್ದೇನೆ. ಪಟ್ಟಿಯನ್ನು ಮಾಡಿಕೊಂಡು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಅವುಗಳಲ್ಲಿ ಹೆಚ್ಚಿನವು ತಮ್ಮ ಕೊನೆಯನ್ನು ಮೊದಲೇ ಬಲ್ಲ ಕೃತಿಗಳು. ಮೆಚ್ಚಲಾರದೆ ಹೋದವುಗಳ ದೋಷವು ಅಭಿನಯದ್ದಾಗಲಿ ಸಂಭಾಷಣೆಯದಾಗಲಿ ಅಲ್ಲ. ಅವುಗಳಿಗೆ ಕೊನೆಯೆಂಬುದೇ ಇರಲಿಲ್ಲ.

ಭರತನು ನಾಟ್ಯಶಾಸ್ತ್ರದಲ್ಲಿ ಇತಿವೃತ್ತಕ್ಕೆ ಐದು ಸಂಧಿಗಳನ್ನು ಹೇಳುತ್ತಾನೆ: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಬೀಜವು ಮೊಳೆತು, ಕಂಡು ಮರೆಯಾಗಿ, ಮತ್ತೆ ತೋರಿ, ವಿಘ್ನಕ್ಕೆ ಸಿಲುಕಿ, ಕಡೆಗೆ ಫಲಿಸಬೇಕು. ಇಂದಿನ ದೈನಂದಿನ ಧಾರಾವಾಹಿಯು ಮುಖ ಪ್ರತಿಮುಖಗಳನ್ನು ಭರದಿಂದ ದಾಟಿ ಗರ್ಭಸಂಧಿಯಲ್ಲಿಯೇ ವರ್ಷಗಟ್ಟಲೆ ನಿಂತುಬಿಡುತ್ತದೆ. ವಿಮರ್ಶಸಂಧಿಯನ್ನೇ ಮುಟ್ಟದ ಕೃತಿಗೆ ವಿಮರ್ಶೆಯು ಒದಗದೆ ಇರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಲ್ಲಿ ದೀರ್ಘತೆಯನ್ನೇ ದೋಷವೆಂದು ಎಣಿಸಬಾರದು. ಇದಕ್ಕೆ ಸಾಕ್ಷಿ ನಮ್ಮ ಮಲ್ಲತ್ತಹಳ್ಳಿಯಲ್ಲಿಯೇ ದೊರೆಯುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕೆ. ವೈ. ನಾರಾಯಣಸ್ವಾಮಿಯವರು ರಂಗರೂಪಕ್ಕಿಳಿಸಿ, ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಪ್ರಯೋಗಿಸಿದರು. ಅದೇ ನಾಟಕ 2013ರಲ್ಲಿ ಇಲ್ಲಿಯ ಕಲಾಗ್ರಾಮಕ್ಕೆ ಬಂದಿತು. ಸುಮಾರು ಒಂಬತ್ತು ಗಂಟೆಗಳ ನಾಟಕ. ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದುಹೋಗುತ್ತ, ಹೊದಿಕೆ ಹೊದ್ದು, ರಾತ್ರಿಯಿಡೀ ಎಚ್ಚರವಿದ್ದು ನೋಡಿದರು. ಕರಾವಳಿಯ ಬಯಲಾಟವನ್ನೂ ಬಯಲುಸೀಮೆಯ ದೊಡ್ಡಾಟವನ್ನೂ ಬಲ್ಲ ಜನಕ್ಕೆ ಇದು ಹೊಸ ಅನುಭವವೇನೂ ಅಲ್ಲ. ಬೆಳಗಾಗುವುದರೊಳಗೆ ಕಥೆ ದಡ ಮುಟ್ಟುತ್ತದೆಂಬ ಭರವಸೆಯಿದ್ದರೆ ನಮ್ಮ ಜನ ಎಷ್ಟು ಹೊತ್ತಾದರೂ ಕುಳಿತಾರು.

ಧಾರಾವಾಹಿಯು ಈ ಸ್ಥಿತಿಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ಗಮನಿಸುವುದು ಯುಕ್ತ. ಭಾರತದಲ್ಲಿ ಟೆಲಿವಿಷನ್ ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗರೂಪದಲ್ಲಿ ಆರಂಭವಾಯಿತು. 1975–76ರ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಸಾಮುದಾಯಿಕ ಪೆಟ್ಟಿಗೆಗಳು ಬಂದಾಗ ಕರ್ನಾಟಕದ ಉತ್ತರದ ಜಿಲ್ಲೆಗಳೂ ಅದರಲ್ಲಿ ಸೇರಿದ್ದುವು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದುದು 1981ರಲ್ಲಿ. ಅಂದರೆ ಕನ್ನಡನಾಡಿನ ಮಟ್ಟಿಗೆ ಟೆಲಿವಿಷನ್ ರಾಜಧಾನಿಯನ್ನು ಮುಟ್ಟುವ ಮೊದಲೇ ಹಳ್ಳಿಯನ್ನು ಮುಟ್ಟಿತ್ತು. 1984ರ ಜುಲೈಯಲ್ಲಿ ‘ಹಮ್ ಲೋಗ್’ ಬಂದ ಮೇಲೆ ಪ್ರಾಯೋಜಿತ ಧಾರಾವಾಹಿಯ ಪದ್ಧತಿ ನೆಲೆಗೊಂಡಿತು. ದೂರದರ್ಶನವು ಕಥೆಗಳಿಗೆ ಮಂಜೂರಾತಿ ಕೊಡುತ್ತಿದ್ದುದು ಸಾಮಾನ್ಯವಾಗಿ ಹದಿಮೂರು ಕಂತುಗಳ ಲೆಕ್ಕದಲ್ಲಿ; ವಾರಕ್ಕೊಂದರಂತೆ ವರ್ಷದ ಕಾಲುಭಾಗ. ಈ ಸಂಖ್ಯೆ ಕಚೇರಿಯ ಅನುಕೂಲಕ್ಕಾಗಿ ಹುಟ್ಟಿದ್ದು, ಕಲೆಯ ಅನುಕೂಲಕ್ಕಾಗಿ ಅಲ್ಲ. ಆದರೂ ಗುಮಾಸ್ತನು ಎಳೆದ ಗೆರೆಯು ಕಲಾವಿದನಿಗೆ ಛಂದಸ್ಸಾಗಿ ಒದಗಿತು. 1994ರಲ್ಲಿ ಉದಯ ಟಿವಿ, 2000ದ ಕೊನೆಯಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ವಾಹಿನಿಗಳು ಬಂದುವು. ವಾರದ ಕಂತು ದಿನದ ಕಂತಾಯಿತು. ಪ್ರೇಕ್ಷಕರ ಸಂಖ್ಯೆಯನ್ನು ಅಳೆದು ಗುರುವಾರ ಪ್ರಕಟಿಸುವ ಪದ್ಧತಿ ಬಂದ ಮೇಲೆ ಕಥೆಯ ಆಯುಷ್ಯವನ್ನು ಕಥೆಗಾರನು ನಿರ್ಧರಿಸುವುದು ನಿಂತಿತು; ಅಂಕಿ ಚೆನ್ನಾಗಿದ್ದರೆ ಮುಗಿಸುವಂತಿಲ್ಲ, ಕುಗ್ಗಿದರೆ ಮುಂದುವರಿಸುವಂತಿಲ್ಲ.

ಇನ್ನು ಕೃತಿಗಳ ವಿಚಾರ. ಶಂಕರ್ ನಾಗ್ ಅವರು ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ 1980ರ ದಶಕದ ಉತ್ತರಾರ್ಧದಲ್ಲಿ ನಿರ್ಮಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಈ ವರ್ಷ ಆದ್ಯಂತವಾಗಿ ಮತ್ತೆ ನೋಡಿದೆ. ಅದು ಪ್ರಸಾರವಾದ ಕಾಲಕ್ಕೆ ನಾನಿನ್ನೂ ಅದನ್ನು ನೋಡುವ ವಯಸ್ಸಿನವನಲ್ಲ; ಆದುದರಿಂದ ಹಳೆಯ ನೆನಪಿನ ಮೋಹವು ಈ ಮೆಚ್ಚುಗೆಯಲ್ಲಿ ಬೆರೆತಿಲ್ಲ. ಭಾಷೆಯಿಂದ ಅದು ಹಿಂದಿ ಮತ್ತು ಇಂಗ್ಲಿಷಿನದು. ಮಣ್ಣಿನಿಂದ ಆಗುಂಬೆಯದು, ನಟವರ್ಗದಿಂದ ಬಹುಮಟ್ಟಿಗೆ ಕನ್ನಡ ರಂಗಭೂಮಿಯದು. ಗಿರೀಶ ಕಾರ್ನಾಡ, ಅನಂತ್ ನಾಗ್, ವೈಶಾಲಿ ಕಾಸರವಳ್ಳಿ, ರಮೇಶ್ ಭಟ್ ಮೊದಲಾದವರನ್ನು ಅಲ್ಲಿ ಕಾಣುತ್ತೇವೆ. ಎಲ್. ವೈದ್ಯನಾಥನ್ ಅವರ ಸಂಗೀತ, ಆರ್. ಕೆ. ಲಕ್ಷ್ಮಣರ ಗೆರೆಗಳು ಸರ್ವವಿದಿತ.

ಇತಿಹಾಸದ ದೃಷ್ಟಿಯಿಂದ ನನ್ನನ್ನು ಸೆಳೆದುದು ಸ್ವಾಮಿಯ ಟೋಪಿಯ ಪ್ರಸಂಗ. ಊರಿನಲ್ಲಿ ವಿದೇಶೀ ವಸ್ತ್ರದಹನ ನಡೆಯುತ್ತದೆ. ಬಾಲಕನು ಆವೇಶದಲ್ಲಿ ತನ್ನ ಟೋಪಿಯನ್ನು ಬೆಂಕಿಗೆ ಎಸೆಯುತ್ತಾನೆ. ಮೂಲ ಕಾದಂಬರಿಯಲ್ಲಿ, ಆ ಟೋಪಿ ಖಾದಿಯದೇ ಆಗಿತ್ತೆಂದು ತಂದೆ ಹೇಳಿದಾಗ ಅವನ ವೀರಾವೇಶವು ಇಳಿಯುತ್ತದೆ. ಮರುದಿನ ಶಾಲೆಗೆ ಹೇಗೆ ಹೋಗುವುದೆಂಬ ಚಿಂತೆ ಹತ್ತುತ್ತದೆ. ರಾಷ್ಟ್ರೀಯ ಚಳವಳಿಯನ್ನು ಕುರಿತ ನಮ್ಮ ಎಷ್ಟೋ ಗ್ರಂಥಗಳಲ್ಲಿ ಇಲ್ಲದ ಒಂದು ಅಳತೆ ಇಲ್ಲಿದೆ. ದೊಡ್ಡ ಘಟನೆಯನ್ನು ಹತ್ತು ವರ್ಷದ ಹುಡುಗನ ಎತ್ತರದಿಂದ ನೋಡಿದಾಗ ಅದು ಕಿರಿದಾಗುವುದಿಲ್ಲ, ಹತ್ತಿರವಾಗುತ್ತದೆ. ಇದನ್ನು ತೋರಿಸಲು ಶಂಕರ್ ನಾಗ್ ಅವರಿಗೆ ಬೇಕಾದುದು ಅರ್ಧ ಗಂಟೆಗಿಂತ ಕಡಿಮೆ. ಇಂದಿನ ದೈನಂದಿನ ಧಾರಾವಾಹಿಯಾಗಿದ್ದರೆ ಆ ಟೋಪಿಯು ಸುಡಲು ಒಂದು ವಾರ ಹಿಡಿಯುತ್ತಿತ್ತು. ಸುಡುವಾಗ ಕುಟುಂಬದ ಪ್ರತಿಯೊಬ್ಬರ ಮುಖವನ್ನೂ ಮೂರು ಮೂರು ಸಲ ತೋರಿಸುತ್ತಿದ್ದರು.

ಸದಾನಂದ ಸುವರ್ಣರು ನಿರ್ದೇಶಿಸಿದ ‘ಗುಡ್ಡದ ಭೂತ’ವು ದೂರದರ್ಶನದ ಅದೇ ವಾರದ ಕಂತಿನ ಯುಗಕ್ಕೆ ಸೇರಿದುದು. ತುಳುನಾಡಿನ ಒಂದು ಊರು ಗುಡ್ಡದ ಮೇಲಿನ ಭೂತದ ಭಯವನ್ನು ಹೊತ್ತು ಬದುಕುವ ಕಥೆ; ಮುಂದೆ ಖ್ಯಾತರಾದ ಪ್ರಕಾಶ್ ರೈ ಇದರಲ್ಲಿ ಅಭಿನಯಿಸಿದ್ದಾರೆ. ಬೆಳಕು ಮಂದ, ಚಿತ್ರೀಕರಣ ಒರಟು, ಕೆಲವು ಕಡೆ ಧ್ವನಿಯೂ ಸ್ಪಷ್ಟವಿಲ್ಲ. ಆದರೂ ಕೆಲವೇ ಕಂತುಗಳ ಈ ಕಥೆಯ ನೆನಪು ಅದನ್ನು ಅಂದು ನೋಡಿದವರಲ್ಲಿ ದಶಕಗಳ ತರುವಾಯವೂ ಉಳಿದಿದೆ. 2022ರ ‘ಕಾಂತಾರ’ ಚಿತ್ರದಿಂದ ತುಳುನಾಡಿನ ಭೂತಾರಾಧನೆಯು ದೇಶಕ್ಕೆಲ್ಲ ಪರಿಚಯವಾಯಿತೆಂದು ಹೇಳುವವರು ಒಮ್ಮೆ ಇದನ್ನೂ ನೋಡಬೇಕು.

ದೈನಂದಿನ ಧಾರಾವಾಹಿಯು ಸ್ವಭಾವತಃ ಹೀನವಾದುದೆಂಬ ಅಭಿಪ್ರಾಯ ನನ್ನದಲ್ಲ. ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಈ ಮೂವರು ಕೂಡಿ ನಿರ್ದೇಶಿಸಿ, 1998ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರಸಾರವಾದ ‘ಮಾಯಾಮೃಗ’ವು ಆ ಅಭಿಪ್ರಾಯಕ್ಕೆ ಸಮರ್ಪಕವಾದ ಉತ್ತರ. ಈಗ ಅಂತರ್ಜಾಲದಲ್ಲಿ ದೊರೆಯುವ ಕಂತುಗಳನ್ನು ಈ ವರ್ಷ ಒಂದೊಂದಾಗಿ ನೋಡಿದೆ. ಇಪ್ಪತ್ತೈದಕ್ಕಿಂತ ಹೆಚ್ಚು ವರ್ಷಗಳ ಹಿಂದಿನ ಬೆಂಗಳೂರು ಅದರಲ್ಲಿ ಹಾಗೆಯೇ ಉಳಿದಿದೆ: ಮನೆಯ ಮುಂದಿನ ಕಬ್ಬಿಣದ ಗೇಟು, ಹಜಾರದಲ್ಲಿಯ ಸ್ಥಿರದೂರವಾಣಿ, ತಿಂಗಳ ಕೊನೆಯ ಲೆಕ್ಕಾಚಾರ, ಕೆಲಸಕ್ಕೆ ಹೊರಡುವ ಹೆಣ್ಣುಮಕ್ಕಳು. ಮಾಳವಿಕಾ, ಎಂ. ಡಿ. ಪಲ್ಲವಿ ಮೊದಲಾದವರು ಈ ಧಾರಾವಾಹಿಯಿಂದಲೇ ಮನೆಮಾತಾದರು.

ಇದರ ಗುಣವಿರುವುದು ಮಾತಿನಲ್ಲಿ. ಇಬ್ಬರು ಕುಳಿತು ಮಾತನಾಡುತ್ತಾರೆ; ಒಬ್ಬರು ಹೇಳಿದುದನ್ನು ಇನ್ನೊಬ್ಬರು ಕೇಳುತ್ತಾರೆ; ಕೇಳಿದ ಮೇಲೆ ಅವರಲ್ಲಿ ಏನೋ ಬದಲಾಗುತ್ತದೆ. ಇಷ್ಟು ಸಾಮಾನ್ಯವಾದ ಸಂಗತಿಯನ್ನು ಗುಣವೆಂದು ಹೇಳಬೇಕಾಗಿ ಬಂದಿರುವುದೇ ಇಂದಿನ ಸ್ಥಿತಿಯನ್ನು ಸೂಚಿಸುತ್ತದೆ. ಈಗಿನ ಧಾರಾವಾಹಿಗಳಲ್ಲಿ ಮಾತನ್ನು ಕೇಳುವವರಿಗಿಂತ ಮರೆಯಲ್ಲಿ ನಿಂತು ಕದ್ದು ಕೇಳುವವರೇ ಹೆಚ್ಚು. ಹೆಸರು ರಾಮಾಯಣದ ಮಾರೀಚನನ್ನು ನೆನಪಿಗೆ ತರುತ್ತದೆಯಷ್ಟೆ. ಆದರೆ ಇಲ್ಲಿ ಮಾಯಾಜಿಂಕೆಯನ್ನು ಕಳುಹಿಸುವ ರಾವಣನೊಬ್ಬನಿಲ್ಲ. ಸಾಮಾನ್ಯ ಮನುಷ್ಯರು ತಮ್ಮ ತಮ್ಮ ಆಸೆಯ ಹಿಂದೆ ತಾವೇ ಹೋಗುತ್ತಾರೆ. ಕಷ್ಟವು ಸಂಬಳದಿಂದ, ಸಾಲದಿಂದ, ಸಂಕೋಚದಿಂದ ಹುಟ್ಟುತ್ತದೆಯೇ ಹೊರತು ಖಳನ ಸಂಚಿನಿಂದಲೇ ಅಲ್ಲ. ಈ ಅಂಶಕ್ಕೆ ಮುಂದೆ ಮತ್ತೆ ಬರುತ್ತೇನೆ.

ದೋಷಗಳೂ ಇಲ್ಲದಿಲ್ಲ. ಸೀತಾರಾಮ್ ಅವರ ಪಾತ್ರಗಳು ಒಮ್ಮೊಮ್ಮೆ ತಮ್ಮ ಅಂತಃಕರಣವನ್ನು ಅಗತ್ಯಕ್ಕಿಂತ ಚೆನ್ನಾದ ಕನ್ನಡದಲ್ಲಿ ವಿವರಿಸಿಕೊಳ್ಳುತ್ತವೆ. ಅವರ ಮುಂದಿನ ಧಾರಾವಾಹಿಗಳಲ್ಲಿ ನ್ಯಾಯಾಲಯದ ದೃಶ್ಯವು ಒಂದು ಅಭ್ಯಾಸವೇ ಆಯಿತು. ಅವರೇ ಅಭಿನಯಿಸುವ ವಕೀಲನು ಕರಿಯ ಅಂಗಿ ತೊಟ್ಟು ಎದ್ದು ನಿಂತೊಡನೆ ಸತ್ಯವು ತಾನಾಗಿ ಹೊರಬೀಳುತ್ತದೆ. ನಮ್ಮ ನ್ಯಾಯಾಲಯಗಳ ಅನುಭವವುಳ್ಳವರಿಗೆ ಇದನ್ನು ನಂಬುವುದು ಕಷ್ಟ. ಆದರೂ ಆ ದೃಶ್ಯಗಳಲ್ಲಿ ಒಂದು ನಾಗರಿಕ ವಿಶ್ವಾಸವಿದೆ: ವಾದದಿಂದ, ದಾಖಲೆಯಿಂದ, ಸಾಕ್ಷಿಯಿಂದ ಒಂದು ತೀರ್ಮಾನಕ್ಕೆ ಬರಬಹುದು ಎಂಬುದು. ಇತಿಹಾಸದ ಅಧ್ಯಾಪಕನು ಅದನ್ನು ಹಗುರವಾಗಿ ತಳ್ಳಿಹಾಕಲಾರ. ಅವರ ‘ಮಗಳು ಜಾನಕಿ’ 2018ರಲ್ಲಿ ಆರಂಭವಾಗಿ, 2020ರ ಸಾಂಕ್ರಾಮಿಕದ ಕಾಲದಲ್ಲಿ ಅರ್ಧಕ್ಕೇ ನಿಂತುಹೋಯಿತು. ಕೊನೆಯಿಲ್ಲದ ಕಥೆಗಳ ನಡುವೆ ಕೊನೆಯನ್ನು ಮುಟ್ಟಬಲ್ಲ ಕಥೆಯೊಂದಕ್ಕೆ ಕೊನೆ ದೊರೆಯದೆ ಹೋದುದು ವಿಷಾದದ ಸಂಗತಿ.

ಈಚಿನವುಗಳಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯನ್ನು ನಾನು ತಕ್ಕಷ್ಟು ಶ್ರದ್ಧೆಯಿಂದಲೇ ಅನುಸರಿಸಿದೆ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಆರಂಭವಾದ ಇದರಲ್ಲಿ ಗಂಡನು ಬಿಟ್ಟುಹೋದ ಹೆಂಗಸೊಬ್ಬಳು ಊಟದ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುತ್ತಾಳೆ. ಪುಟ್ಟಕ್ಕನಾಗಿ ಉಮಾಶ್ರೀಯವರ ಅಭಿನಯವನ್ನು ಕುರಿತು ಎರಡು ಮಾತಿಲ್ಲ. ಸೆರಗಿಗೆ ಕೈಯೊರಸಿಕೊಳ್ಳುವ ಒಂದೇ ಚರ್ಯೆಯಿಂದ ಅವರು ದಣಿವನ್ನೂ ಅಭಿಮಾನವನ್ನೂ ಒಟ್ಟಿಗೆ ತೋರಿಸಬಲ್ಲರು. ಒಮ್ಮೆ ರಾಜ್ಯದ ಮಂತ್ರಿಯಾಗಿದ್ದ ನಟಿ ಮೆಸ್ಸಿನ ಒಲೆಯ ಮುಂದೆ ಇಷ್ಟು ಸಹಜವಾಗಿ ಕೂರುವುದು ಸಣ್ಣ ಸಾಧನೆಯಲ್ಲ. ಎರಡನೆಯ ಮಗಳು ಸ್ನೇಹಾ ಓದಿ ಜಿಲ್ಲಾಧಿಕಾರಿಯಾಗುವ ಭಾಗವು ಈ ಕಥೆಯ ನಿಜವಾದ ಫಲಸಿದ್ಧಿ. ಮೆಸ್ಸಿನ ಹುಡುಗಿ ಆ ಕುರ್ಚಿಯಲ್ಲಿ ಕುಳಿತ ದಿನ ಕಥೆ ಮುಗಿದಿದ್ದರೆ ಅದೊಂದು ಪೂರ್ಣಕೃತಿಯೆನಿಸುತ್ತಿತ್ತು. ಮುಗಿಯಲಿಲ್ಲ. 2024ರಲ್ಲಿ ಆ ಪಾತ್ರಧಾರಿಯು ಧಾರಾವಾಹಿಯನ್ನು ಬಿಟ್ಟುದರಿಂದ ಸ್ನೇಹಾಳನ್ನು ಸಾಯಿಸಬೇಕಾಯಿತು. ಅವಳ ಹೃದಯವನ್ನು ಅದೇ ಹೆಸರಿನ ಇನ್ನೊಬ್ಬ ಹುಡುಗಿಗೆ ಜೋಡಿಸಿ ಕಥೆಯನ್ನು ಮುಂದಕ್ಕೆ ಎಳೆಯಲಾಯಿತು. ಆ ಮಗಳ ಓದು, ಅಧಿಕಾರ, ತಾಯಿಯ ವರ್ಷಗಳ ದುಡಿಮೆ ಎಲ್ಲವೂ ಒಂದು ಶಸ್ತ್ರಚಿಕಿತ್ಸೆಯ ಉಪಕಥೆಯಾಗಿ ಕರಗಿದುವು. ಕಾರಣವು ಕಥೆಯ ಒಳಗಿನಿಂದ ಬಾರದೆ ಹೊರಗಿನಿಂದ ಬಂದಾಗ ದುರಂತವು ಕೇವಲ ಅಪಘಾತವಾಗುತ್ತದೆ.

ಇದೇ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ‘ಗುಲಾಬಿ ಟಾಕೀಸ್’ ಚಿತ್ರವನ್ನು ಇಲ್ಲಿ ನೆನೆಯದಿರಲಾಗದು. ವೈದೇಹಿಯವರ ಕಥೆಯನ್ನು ಆಧರಿಸಿ 2008ರಲ್ಲಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಈ ಚಿತ್ರದಲ್ಲಿ ಕರಾವಳಿಯ ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಟೆಲಿವಿಷನ್ ಬರುತ್ತದೆ. ಊರಿನ ಹೆಂಗಸರು ಜಾತಿಮತಗಳ ಗೆರೆಯನ್ನು ದಾಟಿ ಅದರ ಮುಂದೆ ಸೇರುತ್ತಾರೆ. ಕಾರ್ಗಿಲ್ ಯುದ್ಧದ ಕಾಲ ಬಂದಾಗ ಅದೇ ಊರು ಗುಲಾಬಿಯನ್ನು ಸಂಶಯದಿಂದ ನೋಡತೊಡಗುತ್ತದೆ. ಟೆಲಿವಿಷನ್ನನ್ನು ಕುರಿತು ಕನ್ನಡದಲ್ಲಿ ಬಂದಿರುವ ಅತ್ಯುತ್ತಮ ವಿಮರ್ಶೆ ಯಾವುದೆಂದು ಕೇಳಿದರೆ ನಾನು ಯಾವ ಪ್ರಬಂಧವನ್ನೂ ಹೆಸರಿಸದೆ ಈ ಚಿತ್ರವನ್ನೇ ತೋರಿಸುವೆನು.

ನನ್ನ ಸೂತ್ರಕ್ಕೆ ಅಪವಾದಗಳಿವೆ. ಚಂದನ ವಾಹಿನಿಯಲ್ಲಿ 2002ರ ಜನವರಿ 4ರಂದು ಆರಂಭವಾದ ‘ಥಟ್ ಅಂತ ಹೇಳಿ’ ಕಾರ್ಯಕ್ರಮವು ಮೂರು ಸಾವಿರ ಕಂತುಗಳನ್ನು ದಾಟಿದೆ, ವೈದ್ಯರಾದ ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುತ್ತಾರೆ, ಸರಿಯುತ್ತರಕ್ಕೆ ಪುಸ್ತಕದ ಬಹುಮಾನ. ಇದು ಮುಗಿಯದ ಕಾರ್ಯಕ್ರಮವೇ. ಆದರೆ ಪ್ರತಿಯೊಂದು ಅರ್ಧ ಗಂಟೆಯೂ ತನ್ನಷ್ಟಕ್ಕೆ ಪೂರ್ಣ. ಅತ್ತ ‘ಬಿಗ್ ಬಾಸ್’ ನೂರಕ್ಕಿಷ್ಟು ಹೆಚ್ಚುಕಡಿಮೆ ದಿನಗಳಲ್ಲಿ ಖಚಿತವಾಗಿ ಮುಗಿಯುತ್ತದೆ. ಹಾಗೆಂದಮಾತ್ರಕ್ಕೆ ಅದನ್ನು ನನ್ನ ಪಟ್ಟಿಗೆ ಸೇರಿಸಲಾರೆ. ಮುಗಿಯುವುದು ಬೇರೆ, ಫಲಿಸುವುದು ಬೇರೆ.

ಈಗ ಇತಿಹಾಸವನ್ನೇ ವಸ್ತುವಾಗಿ ಉಳ್ಳ ಧಾರಾವಾಹಿಗಳ ವಿಚಾರ. ಭಗವಾನ್ ಗಿದ್ವಾನಿಯವರ 1976ರ ಕಾದಂಬರಿಯನ್ನು ಆಧರಿಸಿದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ನಮ್ಮ ನಾಡಿನ ಇತಿಹಾಸವನ್ನು ದೇಶದ ತೆರೆಯ ಮೇಲೆ ತಂದ ದೊಡ್ಡ ಪ್ರಯತ್ನ. ಅದರ ಚಿತ್ರೀಕರಣದ ವೇಳೆ 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ನಡೆದ ಅಗ್ನಿದುರಂತದಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಸತ್ತರು. 1990ರಲ್ಲಿ ಪ್ರಸಾರ ಆರಂಭವಾದಾಗ ವ್ಯಾಜ್ಯಗಳು ಎದ್ದುವು. ಇದು ಕಾದಂಬರಿಯ ನಾಟಕೀಯ ರೂಪವೇ ಹೊರತು ಚರಿತ್ರೆಯಲ್ಲವೆಂಬ ಪ್ರಕಟಣೆಯನ್ನು ಕಂತಿನೊಡನೆ ತೋರಿಸಬೇಕಾಯಿತು. ಆ ಪ್ರಕಟಣೆಯನ್ನು ಈಗ ಓದಿದರೆ ನಗು ಬರುತ್ತದೆ. ಒಂದು ನಿಮಿಷ ‘ಇದು ಚರಿತ್ರೆಯಲ್ಲ’ ಎಂಬ ಅಕ್ಷರ. ಬಳಿಕ ಉಳಿದ ಹೊತ್ತೆಲ್ಲ ಕೋಟೆ, ಕುದುರೆ, ಇಸವಿ, ಯುದ್ಧ. ಯಾವುದನ್ನು ಪ್ರೇಕ್ಷಕನು ನಂಬುತ್ತಾನೆಂದು ಹೇಳಬೇಕಾಗಿಲ್ಲ.

ಟಿಪ್ಪುವನ್ನು ದೇವರಂತೆಯೂ ದೆವ್ವದಂತೆಯೂ ಚಿತ್ರಿಸುವ ಇಂದಿನ ಜಗಳದಲ್ಲಿ ಪ್ರವೇಶಿಸುವುದು ನನ್ನ ಉದ್ದೇಶವಲ್ಲ. ನನ್ನ ಆಕ್ಷೇಪಣೆಯು ವಿಧಾನವನ್ನು ಕುರಿತುದು. ತಿಳಿವಳಿಕೆಯು ಎಲ್ಲಿಂದ ಬಂದಿತೆಂಬುದನ್ನು ಈ ಧಾರಾವಾಹಿ ತೋರಿಸುವ ಗೊಡವೆಗೇ ಹೋಗುವುದಿಲ್ಲ. ಇದಕ್ಕೆ ಪ್ರತಿಯಾಗಿ, ಟಿಪ್ಪು ತನ್ನ ಕೈಯಿಂದಲೇ ಪಾರಸಿಯಲ್ಲಿ ಬರೆದಿಟ್ಟ ಕನಸುಗಳನ್ನು ಆಧರಿಸಿ ಗಿರೀಶ ಕಾರ್ನಾಡರು ರಚಿಸಿದ ನಾಟಕವನ್ನು ಗಮನಿಸಬಹುದು. ಅಲ್ಲಿ ಆಸ್ಥಾನದ ಇತಿಹಾಸಕಾರ ಕಿರ್ಮಾನಿಯೂ ಇಂಗ್ಲಿಷರ ಮೆಕೆಂಜಿಯೂ ರಂಗದ ಮೇಲೆಯೇ ನಿಂತು ನಡೆದುದನ್ನು ಕುರಿತು ಚರ್ಚಿಸುತ್ತಾರೆ. ಯಾರು ಹೇಳುತ್ತಿದ್ದಾರೆ, ಯಾರ ಪರವಾಗಿ ಹೇಳುತ್ತಿದ್ದಾರೆ ಎಂಬ ಪ್ರಶ್ನೆ ಪ್ರೇಕ್ಷಕನ ಮುಂದೆ ಬರುತ್ತದೆ. ಬಿ.ಎ. ತರಗತಿಯಲ್ಲಿ ಆಕರವಿಮರ್ಶೆಯೆಂದು ನಾವು ಒಣಗಿಸಿ ಹೇಳುವ ಪಾಠವು ಅಲ್ಲಿ ಜೀವಂತವಾಗಿದೆ.

2020ರ ಜುಲೈಯಲ್ಲಿ ಜೀ ಕನ್ನಡವು ಪ್ರಸಾರ ಮಾಡಲಾರಂಭಿಸಿದ ‘ಮಹಾನಾಯಕ’ವು ಇದಕ್ಕಿಂತ ಜಟಿಲವಾದ ವಿಷಯ. ಡಾ. ಬಿ. ಆರ್. ಅಂಬೇಡ್ಕರ್ ಅವರ ಜೀವನವನ್ನು ಕುರಿತು 2019ರ ಡಿಸೆಂಬರಿನಲ್ಲಿ ಹಿಂದಿಯಲ್ಲಿ ಆರಂಭವಾದ ಧಾರಾವಾಹಿಯ ಕನ್ನಡ ಡಬ್ಬಿಂಗ್ ಇದು. ಕನ್ನಡದಲ್ಲಿ ಡಬ್ಬಿಂಗಿಗೆ ದಶಕಗಳ ವಿರೋಧವಿತ್ತೆಂಬುದನ್ನು ವಾಚಕರು ಬಲ್ಲರು. 2012ರಲ್ಲಿ ‘ಸತ್ಯಮೇವ ಜಯತೇ’ ಕಾರ್ಯಕ್ರಮವು ಕನ್ನಡಕ್ಕೆ ಬರಲಾಗಲಿಲ್ಲ. 2015ರ ಜುಲೈಯಲ್ಲಿ ಸ್ಪರ್ಧಾ ಆಯೋಗವು ಆ ನಿರ್ಬಂಧದ ವಿರುದ್ಧ ತೀರ್ಪು ಕೊಟ್ಟ ತರುವಾಯ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಪುರಾಣಕಥೆಗಳು ಒಳಗೆ ಬಂದುದು ನಿರೀಕ್ಷಿತವೇ. ಅಂಬೇಡ್ಕರರು ಬಂದುದು ಯಾರೂ ನಿರೀಕ್ಷಿಸದ ಸಂಗತಿ. ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಜನರು ತಮ್ಮ ಖರ್ಚಿನಿಂದ ಈ ಧಾರಾವಾಹಿಯ ಫಲಕಗಳನ್ನು ನಿಲ್ಲಿಸಿದರು. ಪ್ರಸಾರವನ್ನು ನಿಲ್ಲಿಸಬೇಕೆಂಬ ಬೆದರಿಕೆಗಳು ಬಂದಾಗ ವಾಹಿನಿಯ ಮುಖ್ಯಸ್ಥರು ನಿಲ್ಲಿಸುವುದಿಲ್ಲವೆಂದು ಬಹಿರಂಗವಾಗಿ ಹೇಳಿದರು. ಜಾಹೀರಾತಿನವರು ನಿಲ್ಲಿಸುವ ಫಲಕವನ್ನು ಪ್ರೇಕ್ಷಕರೇ ನಿಲ್ಲಿಸಿದುದು ಕನ್ನಡ ಟೆಲಿವಿಷನ್ನಿನ ಇತಿಹಾಸದಲ್ಲಿ ಗಮನಾರ್ಹವಾದ ಘಟನೆ. ತಾವು ಯಾರೆಂಬುದನ್ನು ತಮ್ಮ ಊರಿಗೆ ತಿಳಿಸಲು ಒಂದು ಸಮುದಾಯಕ್ಕೆ ಧಾರಾವಾಹಿಯು ನೆಪವಾಯಿತು.

ಈ ಸಾಮಾಜಿಕ ಮಹತ್ತ್ವವನ್ನು ಒಪ್ಪಿಕೊಂಡೇ, ಕೃತಿಯಾಗಿ ಅದರಲ್ಲಿರುವ ಕೊರತೆಯನ್ನು ಹೇಳಬೇಕಾಗಿದೆ. ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿರುವ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವು ಅಂಬೇಡ್ಕರರ ಬರಹಗಳನ್ನೂ ಭಾಷಣಗಳನ್ನೂ ಕನ್ನಡದಲ್ಲಿ ಸಂಪುಟಗಳಾಗಿ ಪ್ರಕಟಿಸಿದೆ. ಅಂಬೇಡ್ಕರರು ತಮ್ಮ ಬಾಲ್ಯದ ಬಗ್ಗೆ ಬರೆದುದು ಬಹಳ ಕಡಿಮೆ. ಅದರಲ್ಲಿ 1901ರ ಒಂದು ಪ್ರಯಾಣದ ವೃತ್ತಾಂತವಿದೆ. ಒಂಬತ್ತು ವರ್ಷದ ಬಾಲಕನು ಒಡನಾಡಿ ಮಕ್ಕಳೊಡನೆ ತಂದೆಯನ್ನು ಕಾಣಲು ಹೊರಟು ಮಸೂರು ರೈಲು ನಿಲ್ದಾಣದಲ್ಲಿ ಇಳಿಯುತ್ತಾನೆ. ಜಾತಿ ತಿಳಿದೊಡನೆ ಯಾವ ಗಾಡಿಯವನೂ ಬರಲೊಲ್ಲ. ಕಡೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪುತ್ತಾನೆ. ಆದರೆ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿಯಲ್ಲಿ ಊಟವಿದೆ, ನೀರಿಲ್ಲ. ಸುಂಕದ ಕಟ್ಟೆಯಲ್ಲಿ ನೀರಿಗಾಗಿ ತಾವು ಮುಸಲ್ಮಾನರೆಂದು ಹೇಳಿಕೊಂಡರೂ ನೀರು ದೊರೆಯುವುದಿಲ್ಲ. ಊಟವಿದ್ದೂ ಹಸಿದು ಮಲಗುತ್ತಾರೆ.

ಈ ಬರಹದಲ್ಲಿ ಖಳನಿಲ್ಲವೆಂಬುದನ್ನು ಗಮನಿಸಬೇಕು. ನಿಲ್ದಾಣದ ಅಧಿಕಾರಿ ಮರುಗಿದಂತೆಯೇ ಕಾಣುತ್ತಾನೆ, ಗಾಡಿಯವನು ಕ್ರೂರಿಯಲ್ಲ, ಸುಂಕದವನು ಎರಡು ಮಾತಿನಲ್ಲಿ ಮುಗಿಸುತ್ತಾನೆ. ಯಾರೊಬ್ಬರ ದ್ವೇಷವೂ ಅಗತ್ಯವಿಲ್ಲದೆ ಮಕ್ಕಳು ನೀರಿಲ್ಲದೆ ರಾತ್ರಿಯನ್ನು ಕಳೆಯುವಂತೆ ಇಡೀ ಲೋಕವೇ ಏರ್ಪಾಡಾಗಿದೆ. ಅಸ್ಪೃಶ್ಯತೆಯ ಭೀಕರತೆ ಇರುವುದು ಇಲ್ಲಿ. ಧಾರಾವಾಹಿಯು ಇದನ್ನು ತಾಳಿಕೊಳ್ಳಲಾರದು. ಅದಕ್ಕೆ ಹೆಸರುಳ್ಳ ಕೇಡಿಗರು ಬೇಕು. ಒಬ್ಬನ ಸಂಚು ಮುರಿದರೆ ಇನ್ನೊಬ್ಬನ ಸಂಚು ಸಿದ್ಧವಿರಬೇಕು. ಬಾಲ್ಯದ ಕೆಲವೇ ಪುಟಗಳ ಆಕರವು ನೂರಾರು ಕಂತುಗಳಾಗಿ ಹಿಗ್ಗುವುದು ಈ ಯಂತ್ರದಿಂದಲೇ. ಅತ್ತೆ ಸೊಸೆಯರ ಕಥೆಯಲ್ಲಿ ಮನೆಯೊಳಗಿನ ಖಳನಾಯಕಿಯು ಮಾಡುವ ಕೆಲಸವನ್ನೇ ಇಲ್ಲಿ ಊರಿನ ಸಾಹುಕಾರನು ಮಾಡುತ್ತಾನೆ. ಪರಿಣಾಮವಾಗಿ, ಕೆಟ್ಟವರು ನಾಲ್ವರು ಸೋತರೆ ಕೇಡು ಸೋಲುತ್ತದೆಂಬ ಭಾವನೆಯು ಪ್ರೇಕ್ಷಕನಲ್ಲಿ ಉಳಿಯುತ್ತದೆ. ಅಂಬೇಡ್ಕರರು ಜೀವಮಾನವೆಲ್ಲ ವಾದಿಸಿದುದು ಇದರ ವಿರುದ್ಧವಾದುದನ್ನು. ‘ಮಾಯಾಮೃಗ’ದ ವಿಷಯದಲ್ಲಿ ಖಳನ ಸಂಚನ್ನು ಪ್ರಸ್ತಾಪಿಸಿದುದು ಇದಕ್ಕಾಗಿಯೇ: ಕಷ್ಟಕ್ಕೆ ಖಳನಲ್ಲದ ಕಾರಣಗಳನ್ನು ತೋರಿಸಬಲ್ಲ ದೈನಂದಿನ ಧಾರಾವಾಹಿಯು ಕನ್ನಡದಲ್ಲಿ ಒಮ್ಮೆ ಸಾಧ್ಯವಾಗಿತ್ತು.

ಕೊನೆಯದಾಗಿ ಒಂದು ವ್ಯಾವಹಾರಿಕ ವಿಷಯ. ಮೇಲೆ ಚರ್ಚಿಸಿದ ಹಳೆಯ ಕೃತಿಗಳನ್ನು ನಾನು ನೋಡಲು ಸಾಧ್ಯವಾದುದು ಯಾರೋ ಅವನ್ನು ಉಳಿಸಿ ಅಂತರ್ಜಾಲಕ್ಕೆ ಏರಿಸಿದುದರಿಂದ. ಪ್ರಸಾರ ಭಾರತಿಯು ತನ್ನ ಭಂಡಾರದಿಂದ ಕೆಲವನ್ನು ಹೊರತರುತ್ತಿದೆ; 2024ರ ನವೆಂಬರಿನಲ್ಲಿ ಇದಕ್ಕೆ ‘ವೇವ್ಸ್’ ಎಂಬ ಸ್ವಂತ ವೇದಿಕೆಯನ್ನೂ ಆರಂಭಿಸಿತು. ಆದರೆ ಇದು ಕರ್ತವ್ಯವಲ್ಲ, ಔದಾರ್ಯ. ಭಾರತದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಪ್ರತಿಯನ್ನೂ ನಿಯತ ಗ್ರಂಥಾಲಯಗಳಿಗೆ ಸಲ್ಲಿಸಬೇಕೆಂದು 1954ರ ಕಾಯಿದೆ ವಿಧಿಸುತ್ತದೆ. ವೃತ್ತಪತ್ರಿಕೆಗಳೂ ಅದರಲ್ಲಿ ಸೇರಿವೆ. ಟೆಲಿವಿಷನ್ ಪ್ರಸಾರಕ್ಕೆ ಅಂತಹ ವಿಧಿಯಿಲ್ಲ. ಫ್ರಾನ್ಸ್ ದೇಶವು 1992ರ ಕಾಯಿದೆಯಿಂದ ಬಾನುಲಿ ಮತ್ತು ಟೆಲಿವಿಷನ್ ಪ್ರಸಾರಗಳನ್ನು ಸಲ್ಲಿಕೆಯ ವ್ಯಾಪ್ತಿಗೆ ತಂದು, ಸಂಶೋಧಕರು ಕುಳಿತು ನೋಡುವ ಏರ್ಪಾಡನ್ನು ಮಾಡಿತು. ನಮ್ಮಲ್ಲಿ ಉಪಗ್ರಹ ವಾಹಿನಿಗಳು ಪ್ರಸಾರ ಮಾಡಿದುದರ ದಾಖಲೆಯನ್ನು 90 ದಿನಗಳವರೆಗೆ ಇಟ್ಟುಕೊಳ್ಳಬೇಕೆಂಬ ನಿಬಂಧನೆಯಿದೆ. ಅದೂ ದೂರು ಬಂದರೆ ಪರೀಕ್ಷಿಸುವುದಕ್ಕಾಗಿ.

ಹನ್ನೆರಡನೆಯ ಶತಮಾನದ ವೀರಗಲ್ಲು ಸಿಕ್ಕಿದರೆ ಅದರ ಅಚ್ಚನ್ನು ತೆಗೆದು, ಪಾಠವನ್ನು ನಿರ್ಣಯಿಸಿ, ಸಂಪುಟದಲ್ಲಿ ಸೇರಿಸುವ ಶಿಸ್ತು ನಮ್ಮ ನಾಡಿನಲ್ಲಿ ಬಿ. ಎಲ್. ರೈಸ್ ಅವರ ಕಾಲದಿಂದ ಬಂದಿದೆ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಕನ್ನಡದ ಮನೆಗಳು ಸಂಜೆ ಏನನ್ನು ನೋಡಿದುವೆಂದು ತಿಳಿಯಬಯಸುವ ಸಂಶೋಧಕನಿಗೆ ಅಷ್ಟು ಕೂಡ ಆಧಾರವಿಲ್ಲ. ನಮ್ಮ ವಿಶ್ವವಿದ್ಯಾನಿಲಯಗಳ ಇತಿಹಾಸ ಮತ್ತು ಕನ್ನಡ ವಿಭಾಗಗಳು ಸೇರಿ, ಕಡೆಯಪಕ್ಷ ಧಾರಾವಾಹಿಗಳ ಹೆಸರು, ಪ್ರಸಾರದ ದಿನಾಂಕ, ನಿರ್ದೇಶಕರು, ಸಂಭಾಷಣಕಾರರು, ಕಂತುಗಳ ಸಂಖ್ಯೆ ಇವುಗಳ ಸೂಚಿಯೊಂದನ್ನು ಸಿದ್ಧಪಡಿಸಬಹುದು. ಸಂಭಾಷಣೆಯ ಹಸ್ತಪ್ರತಿಗಳು ಬರೆದವರ ಮನೆಗಳಲ್ಲಿ ಇನ್ನೂ ಇರುವ ಸಂಭವವುಂಟು. ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧಕ್ಕೆ ಇದು ಒಳ್ಳೆಯ ವಿಷಯ. 1981ರಿಂದ 1994ರವರೆಗಿನ ದೂರದರ್ಶನದ ಕಾಲದಿಂದ ಆರಂಭಿಸುವುದು ಅನುಕೂಲ, ಏಕೆಂದರೆ ಆ ಕಾಲದಲ್ಲಿ ಕೆಲಸ ಮಾಡಿದವರಲ್ಲಿ ಅನೇಕರು ಬೆಂಗಳೂರಿನಲ್ಲಿಯೇ ಇದ್ದಾರೆ.